ಸಿಮೆಂಟ್ ಕಿತ್ತು ಗಾರೆ ಬಡಿಸಿದೆ, ಗುಡಿ ಸೋರುವುದು ನಿಂತಿತು: ನನ್ನ ಅನುಭವ

ಮುಂಗಾರು ಮುಗಿಯಿತು, ಹಿಂಗಾರೂ ಮುಗಿಯಿತು. ಗುಡಿಯ ನವರಂಗದ, ಅಂದರೆ ಗರ್ಭಗುಡಿ ಮುಂದಿನ ಕಂಬದ ಮಂಟಪದ, ನೆಲಕ್ಕೆ ಒಂದು ಹನಿ ನೀರು ಬಿದ್ದಿಲ್ಲ. ಹಳೇ ಗುಡಿ ದುರಸ್ತಿ ಮಾಡಿಸುವವನು ನಾನು. ಇದೇ ಕೆಲಸ ಮಾಡುವ ನಿಮಗೆ ಹೇಳೋಣ ಅಂತ ಅದಕ್ಕೇ ಈಗ ಬರೆಯಲು ಕೂತೆ. ಇದಕ್ಕಿಂತ ಮೊದಲೇ ಬರೆದಿದ್ದರೆ "ಒಂದು ಮಳೆ ಬರಲಿ ಸ್ವಾಮಿ, ಆಮೇಲೆ ಮಾತಾಡೋಣ" ಅನ್ನುವವರು ಸಾಲುಗಟ್ಟಿ ನಿಲ್ಲುತ್ತಿದ್ದರು.

ಗುಡಿ ಅರಸೀಕೆರೆ ಸೀಮೆಯದು. ಊರಿನ ಹೆಸರು ಬೇಡ. ನಿಧಿಗಳ್ಳರು ಆಗಲೇ ಎರಡು ಸಲ ಬಂದು ಪೀಠದ ಬುಡ ಅಗೆದು ಹೋಗಿದ್ದಾರೆ, ಇನ್ನೊಂದು ಸಲಕ್ಕೆ ನಾನು ದಾರಿ ತೋರಿಸುವುದು ಬೇಡ. ಹೊಯ್ಸಳರ ಕಾಲದ ಏಕಕೂಟ (ಒಂದೇ ಗರ್ಭಗುಡಿ), ಬಳಪದ ಕಲ್ಲು, ತಿರುಗಿಸಿ ಕಡೆದ ನಾಲ್ಕು ತಿರುಗಣೆ ಕಂಬ, ಒಂದು ಒಳ್ಳೆಯ ಭುವನೇಶ್ವರಿ, ಅಂದರೆ ಕೆತ್ತನೆಯ ಒಳಛಾವಣಿ. ಕೇಂದ್ರದ ಸಂರಕ್ಷಿತ ಪಟ್ಟಿಯಲ್ಲಿ ಇಲ್ಲ, ರಾಜ್ಯದ ಪಟ್ಟಿಯಲ್ಲೂ ಇಲ್ಲ. ಮುಜರಾಯಿ ಇಲಾಖೆಯ ಸಿ ದರ್ಜೆ, ಅಂದರೆ ಕಡಿಮೆ ಆದಾಯದ್ದು. ಅರ್ಚಕರಿಗೆ ಪೂಜೆಗೆಂದು ಸರ್ಕಾರದ ತಸ್ತೀಕು ಹಣ ಬರುತ್ತದೆ, ಕಟ್ಟಡಕ್ಕೆ ಏನೂ ಬರುವುದಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದವು, ಸಂತೋಷ. ಅದೇ ಹೊಯ್ಸಳರ ಈ ಗುಡಿಯ ತಾರಸಿ ಮೇಲೆ ಮಾತ್ರ ಆರು ಇಂಚು ಸಿಮೆಂಟ್ ಕೂತಿತ್ತು. ಒಮ್ಮೆ ಸೋರಿದಾಗ ಒಂದು ಪದರ, ಮತ್ತೆ ಸೋರಿದಾಗ ಅದರ ಮೇಲೆ ಇನ್ನೊಂದು ಪದರ, ಕೊನೆಗೆ ಡಾಂಬರು.

ನೀರು ತೊಟ್ಟಿಕ್ಕುವುದು ನನಗೆ ದೊಡ್ಡ ಚಿಂತೆ ಆಗಿರಲಿಲ್ಲ. ತಲೆ ಕೆಡಿಸಿದ್ದು ಭುವನೇಶ್ವರಿಯ ಮೇಲಿನ ಬಿಳಿ ಉಪ್ಪು. ಅಷ್ಟದಿಕ್ಪಾಲಕರಲ್ಲಿ ಪಶ್ಚಿಮದ ವರುಣನಿಗೇ ಜಾಸ್ತಿ ಪೆಟ್ಟು ಬಿದ್ದಿತ್ತು. ಅವನ ಮಕರದ ಮೂತಿ ಪದರ ಪದರವಾಗಿ ಎದ್ದು, ಕೆಳಗೆ ನೆಲದ ಮೇಲೆ ಬೂದು ಬಣ್ಣದ ನುಣ್ಣನೆ ಪುಡಿ ಬಿದ್ದಿತ್ತು. ಮಳೆಯ ದೇವರನ್ನೇ ಮಳೆ ನೀರು ತಿಂದಿತ್ತು. ಸಿಮೆಂಟ್ ಬಿರುಕಲ್ಲಿ ನೀರು ಇಳಿಯುತ್ತದೆ, ಮೇಲೆ ಆರಿ ಹೋಗಲು ದಾರಿ ಇಲ್ಲ, ಸಿಮೆಂಟಿನ ಉಪ್ಪನ್ನೂ ಹೊತ್ತುಕೊಂಡು ಕಲ್ಲಿನೊಳಗಿಂದ ಕೆಳಗೆ ಬರುತ್ತದೆ. ಇದೆಲ್ಲ ನಿಮಗೆ ಗೊತ್ತಿದ್ದದ್ದೇ, ಬಿಡಿ.

ಗುಡಿ ಸಮಿತಿಯ ಮುಂದೆ ಎರಡು ಕೊಟೇಶನ್ ಇದ್ದವು. ಒಂದು ವಾಟರ್‌ಪ್ರೂಫಿಂಗ್ ಕಂಪನಿಯದು. ಮೇಲೆ ಶೀಟ್ ಅಂಟಿಸಿ ಹತ್ತು ವರ್ಷ ಗ್ಯಾರಂಟಿ ಕೊಡುತ್ತೇವೆ ಅಂತ, ಸುಮಾರು ಮೂರು ಲಕ್ಷ. ಇನ್ನೊಂದು ನನ್ನದು. ಇದ್ದ ಸಿಮೆಂಟ್ ಪೂರ್ತಿ ಕಿತ್ತು ಹಳೇ ಪದ್ಧತಿಯ ಸುಣ್ಣದ ಗಾರೆ, ಎಂಟು ಲಕ್ಷ. ಸಮಿತಿಯಲ್ಲಿ ಒಬ್ಬರು ನಿವೃತ್ತ ಎಂಜಿನಿಯರ್ ಇದ್ದರು. ನನ್ನ ಪಟ್ಟಿ ಓದಿ ನಕ್ಕರು. "ಬೆಲ್ಲ, ಅಳಲೆಕಾಯಿ, ಸುಣ್ಣ. ಏನ್ ಸ್ವಾಮಿ, ತಾರಸಿ ಹಾಕ್ತೀರೋ, ಕಷಾಯ ಕಾಯಿಸ್ತೀರೋ?" ಊರ ಗೌಡರು ಮಾತ್ರ ನಡುವೆ ದಾರಿ ಹುಡುಕಿದರು. "ಹಿಂದಗಡೆ ಹಳೇ ಪಾಕಶಾಲೆ ಐತಲ್ಲ, ಅದ್ರ ಮೇಲೆ ಮಾಡಿ ತೋರ್ಸಿ. ದುಡ್ಡು ನಿಮ್ದೇ."

ದುಡ್ಡು ನನ್ನದೇ ಅಂದ ಮೇಲೆ ಕೈಗೆ ಸಿಕ್ಕಿದ್ದರಲ್ಲಿ ಶುರು ಮಾಡಿದೆ. ಮೊದಲ ಪಾಠ ಪ್ಯಾಕೆಟ್ ಸುಣ್ಣದ್ದು. ಚೀಲದಲ್ಲಿ ಬರುವ ಪುಡಿ ಸುಣ್ಣ ಗೋದಾಮಿನಲ್ಲಿ ಎಷ್ಟು ದಿನ ಕೂತಿತ್ತೋ ಆ ಅಂಗಡಿಯವನಿಗೇ ಗೊತ್ತಿಲ್ಲ. ಗಾಳಿ ಕುಡಿದು ಅರ್ಧ ಸತ್ತಿರುತ್ತದೆ. ಅದರಲ್ಲಿ ಕಲಸಿದ ಗಾರೆ ತಿಂಗಳಾದರೂ ಉಗುರಿಗೆ ಎದ್ದು ಬಂತು. ಆಮೇಲೆ ಬಾಗಲಕೋಟೆ ಕಡೆಯಿಂದ ಭಟ್ಟಿಯ ಸುಟ್ಟ ಸುಣ್ಣದ ಕಲ್ಲನ್ನೇ ತರಿಸಿದೆ. ಲಾರಿ ಬಂದ ಕೂಡಲೇ ಇಳಿಸಿಕೊಳ್ಳಬೇಡಿ. ನಾಲ್ಕೈದು ಕಡೆಯಿಂದ ಒಂದೊಂದು ಕಲ್ಲು ತೆಗೆದು ಬಕೆಟ್ ನೀರಿಗೆ ಹಾಕಿ. ಐದು ನಿಮಿಷದೊಳಗೆ ಕೊತಕೊತ ಕುದಿಯಬೇಕು. ಸುಮ್ನೆ ಗುಳ್ಳೆ ಬಿಟ್ಟು ತಳಕ್ಕೆ ಕೂತರೆ ಲಾರಿ ವಾಪಸ್. ಗುಂಡಿಯಲ್ಲಿ ಅರಳಿಸಿ, ಮೇಲೆ ಒಂದು ಗೇಣು ನೀರು ನಿಲ್ಲಿಸಿ, ಒಂದೂವರೆ ಎರಡು ತಿಂಗಳು ಬಿಟ್ಟೆ. ಕೆಲಸಗಾರರಿಗೆ ಕನ್ನಡಕ ಕೊಡಿಸಿ, ದುಡ್ಡು ಉಳಿಸಲು ಹೋಗಬೇಡಿ.

ಎರಡನೇದು ಸುರ್ಕಿ, ಸುಣ್ಣದ ಜೊತೆ ಬೆರೆಸುವ ಇಟ್ಟಿಗೆ ಪುಡಿ. ಒಳ್ಳೆ ಕೆಂಪು ಇಟ್ಟಿಗೆ, ಚೆನ್ನಾಗಿ ಬೆಂದದ್ದು, ತಟ್ಟಿದರೆ ಟಣ್ ಅನ್ನುವಂಥದ್ದು ತಂದು ಪುಡಿ ಮಾಡಿಸಿದೆ. ಗಾರೆ ಗಟ್ಟಿಯಾಗಲೇ ಇಲ್ಲ. ಜಾಸ್ತಿ ಬೆಂದ ಇಟ್ಟಿಗೆ ಮನೆ ಕಟ್ಟಲು ಒಳ್ಳೆಯದು, ಸುಣ್ಣದ ಜೊತೆ ಕೂಡುವುದಿಲ್ಲ. ಬೇಕಾದದ್ದು ಅರೆಬೆಂದ ಇಟ್ಟಿಗೆ. ಊರಿನ ಇಟ್ಟಿಗೆ ಗೂಡಿನ ಹೊರಸುತ್ತಲ್ಲಿ ಉಳಿಯುತ್ತದಲ್ಲ, ಪೇಲವ ಬಣ್ಣದ್ದು, ಯಾರೂ ಕೊಳ್ಳದ್ದು, ಅದೇ. ಗೂಡಿನವನು ಒಂದಕ್ಕೆ ಎರಡು ರೂಪಾಯಿಯಂತೆ ಖುಷಿಯಿಂದ ಕೊಟ್ಟ. ಪುಡಿ ಮಾಡಿಸುವುದೇ ಪರದಾಟವಾಯಿತು. ರಾಗಿ ಮಿಲ್ಲಿನವನು ಬಾಗಿಲಲ್ಲೇ ಕೈಮುಗಿದ. ಕೊನೆಗೆ ಖಾರದ ಪುಡಿ ಮಿಲ್ಲಿನವನೊಬ್ಬ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಹಾಕಿಕೊಟ್ಟ. ಅವನ ಜಾಲರಿ ಸವೆದು ಹೋಯಿತು, ಹೊಸದಕ್ಕೆ ಎರಡೂವರೆ ಸಾವಿರವೋ ಮೂರೋ ಕೊಟ್ಟೆ. ಮೊದಲ ಎರಡು ಚೀಲ ಸುರ್ಕಿ ಮುಟ್ಟಿದವರೆಲ್ಲ ಸೀನುತ್ತಿದ್ದರು.

ಮೂರನೇದು ಗಾರೆಯ ನೀರಿಗೆ ಹಾಕುವ ಬೆಲ್ಲ. ಜಾಸ್ತಿ ಹಾಕಿದರೆ ಜಾಸ್ತಿ ಗಟ್ಟಿ ಅನ್ನುವವರ ಮಾತು ಕೇಳಬೇಡಿ. ಪಾಕಶಾಲೆಯ ಒಂದು ಮೂಲೆಯಲ್ಲಿ ಅದನ್ನೂ ಮಾಡಿ ನೋಡಿದೆ. ಗಾರೆ ವಾರಗಟ್ಟಲೆ ಮೆತ್ತಗೇ ಇತ್ತು, ಊರಿನ ಇರುವೆಯೆಲ್ಲ ಅಲ್ಲೇ ಬಿಡಾರ ಹೂಡಿತು. ನೂರು ಲೀಟರ್ ನೀರಿಗೆ ಒಂದೂವರೆ ಎರಡು ಕೆಜಿ ಸಾಕು. ಬೆಳ್ಳಗೆ ಹೊಳೆಯುವ ಬೆಲ್ಲ ಬೇಡ, ಅದಕ್ಕೆ ಏನೇನೋ ಹಾಕಿ ಬಣ್ಣ ತೆಗೆದಿರುತ್ತಾರೆ. ಮಂಡ್ಯದ ಆಲೆಮನೆಯಿಂದ ಕಪ್ಪು ಬೆಲ್ಲವನ್ನೇ ತಂದೆ. ಅಳಲೆಕಾಯಿ ಜಜ್ಜಿ ಡ್ರಮ್ಮಿನಲ್ಲಿ ಕೊಳೆಹಾಕುವುದು ಎಲ್ಲರೂ ಮಾಡುತ್ತೀರಿ. ನಾನು ಅದರ ಜೊತೆ ಇನ್ನೊಂದು ತೊಗಟೆ ಹಾಕುತ್ತೇನೆ. ಹೆಸರು ಇಲ್ಲಿ ಬರೆಯುವುದಿಲ್ಲ. ಕೆಲಸದ ಜಾಗಕ್ಕೆ ಬಂದವರು ಮೂಸಿ ನೋಡಿ ಕಂಡುಹಿಡಿದರೆ ಅವರ ಪುಣ್ಯ.

ಇಷ್ಟೆಲ್ಲ ಸರಿಮಾಡಿಕೊಂಡು ಮಾರ್ಚಿಯಲ್ಲಿ ಪಾಕಶಾಲೆಯ ತಾರಸಿ ಹಾಕಿಸಿದೆ. ಏಪ್ರಿಲ್ ಬಿಸಿಲಿಗೆ ಅದು ಬತ್ತಿದ ಕೆರೆಯಂಗಳದ ಹಾಗೆ ಬಾಯಿ ಬಿಟ್ಟಿತು. ಎಂಜಿನಿಯರ್ ಸಾಹೇಬರು ಮೊಬೈಲಿನಲ್ಲಿ ಫೋಟೊ ತೆಗೆದು ಸಮಿತಿಯವರಿಗೆಲ್ಲ ಕಳಿಸಿದರು. ನನಗೆ ಮಾತ್ರ ಆ ಬಿರುಕು ಒಂದು ವಿಷಯ ಹೇಳಿತು. ಮಿಶ್ರಣದಲ್ಲಿ ದೋಷ ಇಲ್ಲ, ಗಾರೆ ಒಳಗೆ ಕಲ್ಲಿನಷ್ಟು ಗಟ್ಟಿ. ಬೇಸಿಗೆಯ ಗಾಳಿ ನೀರನ್ನು ಬೇಗ ಎಳೆದುಕೊಂಡಿದೆ, ಅಷ್ಟೇ. ನಮ್ಮ ಕಡೆ ಈ ಕೆಲಸಕ್ಕೆ ದೀಪಾವಳಿಯಿಂದ ಶಿವರಾತ್ರಿವರೆಗೆ ಮಾತ್ರ ಕಾಲ. ಬೆಳಗಿನ ಮಂಜು ಇರಬೇಕು.

ಅಷ್ಟರಲ್ಲಿ 2024ರ ಮೇ ತಿಂಗಳಲ್ಲಿ ಹಂಪಿ ವಿರೂಪಾಕ್ಷ ಗುಡಿಯ ಮುಂದಿನ ರಥಬೀದಿಯ ಸಾಲುಮಂಟಪ ಮಳೆಗೆ ಕುಸಿಯಿತು. ಟಿವಿಯಲ್ಲಿ ಕಂಬಗಳು ಬಿದ್ದದ್ದನ್ನು ಊರವರೆಲ್ಲ ನೋಡಿದರು. ಮಾರನೇ ದಿನವೇ ಗೌಡರ ಫೋನ್. "ನಮ್ ಗುಡಿ ಮ್ಯಾಗೆ ಎಷ್ಟು ಭಾರ ಐತೆ ಅಂದ್ರಿ ಅವತ್ತು?" ಲೆಕ್ಕ ಹೇಳಿದೆ. ತಾರಸಿ ಸುಮಾರು ಒಂಬೈನೂರು ಚದರಡಿ. ಆರು ಇಂಚು ಕಾಂಕ್ರೀಟ್ ಅಂದರೆ ಹತ್ತಿರ ಹತ್ತಿರ ಮೂವತ್ತು ಟನ್. ನಾನು ಹಾಕುವ ಗಾರೆ ಅದರಲ್ಲಿ ಅರ್ಧ. ಫೋನ್ ಇಡುವ ಮೊದಲೇ ಕೆಲಸ ಒಪ್ಪಿಯಾಯಿತು.

ಕಾಗದದ ಕೆಲಸ ಒಂದು ಮಾತಲ್ಲಿ ಹೇಳುತ್ತೇನೆ. ಸಂರಕ್ಷಿತ ಅಲ್ಲದ ಗುಡಿಗೆ ಪ್ರಾಚೀನ ಸ್ಮಾರಕಗಳ 1961ರ ರಾಜ್ಯ ಕಾಯ್ದೆಯಲ್ಲಿ ಹೆಚ್ಚು ಕಟ್ಟುಪಾಡು ಇಲ್ಲ ಅಂತ ಸೀದಾ ಕೈ ಹಾಕಬೇಡಿ. ಮುಜರಾಯಿ ಕಡೆಯಿಂದ ತಹಸೀಲ್ದಾರರ ಒಪ್ಪಿಗೆ, ಮೈಸೂರಿನ ಪುರಾತತ್ತ್ವ ಇಲಾಖೆಗೆ ಒಂದು ಪತ್ರ, ಪ್ರತಿ ಕಲ್ಲಿನ ಫೋಟೊ. ಇವು ಇಲ್ಲದೆ ಒಂದು ಹೆಂಚೂ ತೆಗೆಯುವುದಿಲ್ಲ ನಾನು. ಒಂದೂವರೆ ತಿಂಗಳು ಹೋಯಿತು, ಹೋಗಲಿ. ಹತ್ತಿರದಲ್ಲಿ ಕೇಂದ್ರದ ಸ್ಮಾರಕ ಇದ್ದರಂತೂ ಕೇಂದ್ರ ಕಾಯ್ದೆಯ 2010ರ ತಿದ್ದುಪಡಿಯ ನೂರು ಮೀಟರ್ ನಿಷೇಧ, ಅದರಾಚೆ ಇನ್ನೂರು ಮೀಟರ್ ನಿಯಂತ್ರಣದ ಲೆಕ್ಕ ನೋಡಿಕೊಂಡೇ ಹೆಜ್ಜೆ ಇಡಿ.

ಸಿಮೆಂಟ್ ಕೀಳುವುದು ಹಾಕುವುದಕ್ಕಿಂತ ದುಬಾರಿ. ಬ್ರೇಕರ್ ಮಷಿನ್ ತಂದರೆ ಎರಡು ದಿನದ ಕೆಲಸ, ಆದರೆ ಅದರ ಅದುರಿಗೆ ಕೆಳಗಿನ ತೊಲೆ ಸೀಳುತ್ತದೆ. ಒಂದು ತೊಲೆಯಲ್ಲಿ ಆಗಲೇ ಕೂದಲೆಳೆ ಬಿರುಕಿತ್ತು. ಒಳಗೆ ಸರ್ವೆ ಕಂಬ ನಿಲ್ಲಿಸಿ, ತಲೆಗೆ ಹಳೇ ಟಯರ್ ತುಂಡು ಕೊಟ್ಟು, ಮೇಲೆ ಬರೀ ಉಳಿ ಸುತ್ತಿಗೆ. ಆರು ಜನ, ಒಂದು ತಿಂಗಳ ಮೇಲೆ. ಮೊದಲು ನಡುವೆ ಒಡೆದು ಅಂಚಿಗೆ ಬರಬೇಡಿ. ಎರಡೂ ಕಡೆ ಸಮವಾಗಿ ಭಾರ ಇಳಿಯಬೇಕು. ಈಶಾನ್ಯ ಮೂಲೆಯಲ್ಲಿ ಸಿಮೆಂಟಿನ ಕೆಳಗೆ ಹಳೇ ಗಾರೆ ಒಂದು ಚಾಪೆಯಷ್ಟು ಅಗಲ ಉಳಿದಿತ್ತು. ಹೊಯ್ಸಳರದ್ದೇ ಅನ್ನುವುದಿಲ್ಲ, ಆಮೇಲಿನ ಯಾರಾದರೂ ಪಾಳೇಗಾರರು ಹಾಕಿಸಿದ್ದಿರಬಹುದು. ಒಂದು ಚೂರನ್ನು ಆ್ಯಸಿಡ್‌ನಲ್ಲಿ ಕರಗಿಸಿದೆ. ಸುಣ್ಣ ಹೋಗಿ ತಳದಲ್ಲಿ ಉಳಿದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಇಟ್ಟಿಗೆ ಪುಡಿ, ಅದೂ ಅರೆಬೆಂದದ್ದು. ಆ ಗಾಜಿನ ಲೋಟವನ್ನು ಎಂಜಿನಿಯರ್ ಸಾಹೇಬರ ಮನೆಗೇ ತೆಗೆದುಕೊಂಡು ಹೋಗಿ ತೋರಿಸಿ ಬಂದೆ. ಕಾಫಿ ಕೊಟ್ಟರು, ಮಾತಾಡಲಿಲ್ಲ.

ಸಿಮೆಂಟ್ ಹೋದ ಮೇಲೆ ಇನ್ನೊಂದು ಸಂಗತಿ ಕಂಡಿತು. ಮೊದಲಿನವರು ನೀರು ಹೋಗಲು ಕಲ್ಲಿನ ಗೋಮುಖ ಎರಡು ಕಡೆ ಬಿಟ್ಟಿದ್ದರು. ಕಾಂಕ್ರೀಟ್ ಹಾಕಿದವರು ಎರಡನ್ನೂ ಮುಚ್ಚಿ, ಬದಲಿಗೆ ಒಂದು ಪಿವಿಸಿ ಪೈಪು ಇಟ್ಟಿದ್ದರು. ಗೋಮುಖ ಬಿಡಿಸಿದ್ದೇ ಅರ್ಧ ಸೋರಿಕೆಗೆ ಮದ್ದಾಯಿತು ಅಂತ ನನಗೆ ಅನಿಸುತ್ತದೆ.

ಚಪ್ಪಡಿ ಸಂದುಗಳಿಗೆ ಸುಣ್ಣದ ಹಾಲು ಸುರ್ಕಿ ಸೇರಿಸಿ ಇಳಿಸಿದೆವು. ಕೆಳಗೆ ತಿರುಗಣೆ ಕಂಬಗಳಿಗೆ ಪ್ಲಾಸ್ಟಿಕ್ ಸುತ್ತಿ, ಸಂದಿನ ಅಡಿಗೆ ಜೇಡಿಮಣ್ಣಿನ ಕಟ್ಟೆ ಕಟ್ಟಿ, ಒಬ್ಬ ಹುಡುಗನನ್ನು ಟಾರ್ಚ್ ಕೊಟ್ಟು ಕೂರಿಸಿದ್ದೆ. ಎಲ್ಲಿ ಹನಿ ಕಂಡರೂ ಕೂಗಬೇಕು. ಬಳಪದ ಕಲ್ಲಿನ ಮೇಲೆ ಸುಣ್ಣದ ಹಾಲು ಒಣಗಿದರೆ ಆಮೇಲೆ ಉಜ್ಜಿದರೂ ಕಲೆ ಹೋಗುವುದಿಲ್ಲ.

ಗಾರೆ ಅರೆಯಲು ಎತ್ತಿನ ಗಾಣ ಈಗ ಎಲ್ಲಿದೆ? ದೊಡ್ಡ ಪಾಲನ್ನು ಬಾಡಿಗೆಯ ರೋಲರ್ ಮಷಿನ್ನಿನಲ್ಲಿ ಅರೆದೆವು. ಕೊನೆಯ ಗಚ್ಚಿಗೆ, ಅಂದರೆ ಮೇಲಿನ ನುಣುಪು ಪದರಕ್ಕೆ, ಅದು ಸಾಲದು, ಬೆಣ್ಣೆ ಹದ ಬರುವುದಿಲ್ಲ. ಹಾಸನದಲ್ಲಿ ಮುಚ್ಚಿದ ಹೋಟೆಲೊಂದರ ಇಡ್ಲಿ ಹಿಟ್ಟಿನ ಗ್ರೈಂಡರ್ ಎಂಟು ಸಾವಿರಕ್ಕೆ ಸಿಕ್ಕಿತು. ಮೊದಲ ದಿನವೇ ಮೋಟಾರ್ ಸುಟ್ಟಿತು, ವೈಂಡಿಂಗ್‌ಗೆ ಇನ್ನೊಂದೂವರೆ ಸಾವಿರ. ಅರ್ಧ ತುಂಬಿಸಿ ಓಡಿಸಿದರೆ ಸುಡುವುದಿಲ್ಲ. ಈಗ ಅದು ನನ್ನ ಅತಿ ಮುಖ್ಯ ಆಯುಧ. ಯಾರು ಕೇಳಿದರೂ ಕೊಡುವುದಿಲ್ಲ.

ಬಡಿತದ ವಿಷಯಕ್ಕೆ ಬರುತ್ತೇನೆ. ಶ್ರವಣಬೆಳಗೊಳ ಕಡೆಯ ಎಪ್ಪತ್ತು ದಾಟಿದ ಒಬ್ಬ ಗಾರೆ ಮೇಸ್ತ್ರಿ ಇದ್ದಾರೆ, ಎಲ್ಲರೂ ಅಜ್ಜ ಅಂತಲೇ ಕರೆಯುತ್ತಾರೆ. ತಾರಸಿಗೆ ಹಾಕಿದ ಮಿಶ್ರಣ ಇಟ್ಟಿಗೆ ಚೂರು ಎರಡೂವರೆ ಪಾಲು, ಗಾರೆ ಒಂದು ಪಾಲು. ಗಾರೆಯಲ್ಲಿ ಸುಣ್ಣ, ಸುರ್ಕಿ, ಹಳ್ಳದ ಮರಳು ಸಮಸಮ. ಎಂ ಸ್ಯಾಂಡ್ ಧೂಳು ತೊಳೆದು ತೊಳೆದು ಸಾಕಾಗಿ ಬಿಟ್ಟೆ. ಐದಾರು ಇಂಚು ಹರಡಿ, ನಾಲ್ಕು ಇಂಚಿಗೆ ಇಳಿಯುವವರೆಗೆ ಮರದ ಕೊಡತಿಯಲ್ಲಿ ಬಡಿಯಬೇಕು. ಊರಿನ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂತು, ಹಾಡಿಕೊಂಡು, ಬೆಲ್ಲದ ನೀರು ಚಿಮುಕಿಸಿಕೊಂಡು ಬಡಿದರು. ಮೊದಲ ದಿನ ಅರ್ಧ ಜನ ಭುಜ ನೋವು ಅಂತ ಹೋದರು. ಸಮಿತಿ ಕೂಲಿ ನಾನೂರು ಅಂದಿತ್ತು, ಐನೂರು ಮಾಡಿದೆ, ಮೂರು ಗಂಟೆಗೆ ಕಾಫಿ ಬನ್ನು ಸೇರಿಸಿದೆ, ಎಲ್ಲರೂ ವಾಪಸ್ ಬಂದರು. ಮೂರು ಭಾಗ ಮಾಡಿ, ಒಂದೊಂದು ಭಾಗಕ್ಕೆ ಐದಾರು ದಿನ ಬಡಿತ. ಶುರುವಿನಲ್ಲಿ ಸದ್ದು ದಬ್ ದಬ್ ಅಂತ ಸತ್ತಿರುತ್ತದೆ. ದಿನ ಕಳೆದಂತೆ ಏರುತ್ತದೆ, ಕೊಡತಿ ಕೈಯಲ್ಲಿ ಪುಟಿಯಲು ಶುರುವಾಗುತ್ತದೆ. "ಇನ್ನೊಂದಿಷ್ಟು ಬಡೀಲಾ ಅಜ್ಜ?" ಅಂತ ಕೇಳಿದರೆ ಅಜ್ಜ ಕಣ್ಣು ಮುಚ್ಚಿ ಕೇಳಿ "ಸಾಕು ಕಣಪ್ಪ, ಇನ್ನು ಬಡುದ್ರೆ ಒಡೀತದೆ" ಅನ್ನುವರು. ಯಾವ ಸದ್ದಿಗೆ ನಿಲ್ಲಿಸಬೇಕು ಅನ್ನುವುದನ್ನು ಬರೆದು ತಿಳಿಸಲು ಆಗದು. ಆದರೂ ಬರೆಯಬಹುದಾದ ಒಂದು ಗುರುತು ಇದೆ, ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮೇಲೆ ಗಚ್ಚು ತೆಳ್ಳಗೆ ಎಳೆದು, ನುಣುಪು ಕಲ್ಲಿನಲ್ಲಿ ಗಚ್ಚಿನ ಮೈ ಬೆವರುವವರೆಗೆ ಉಜ್ಜಿಸಿದೆ. ಮೂರು ವಾರ ಒದ್ದೆ ಗೋಣಿ, ಭತ್ತದ ಹುಲ್ಲು. ಊರಿನ ದನಗಳು ತಾರಸಿ ಹತ್ತದಿದ್ದದ್ದೊಂದು ಪುಣ್ಯ.

ಗಾರೆ ಒಣಗುವಾಗ ಸುಮ್ಮನೆ ಕೂರಲಾಗದೆ ಭುವನೇಶ್ವರಿಯ ಉಪ್ಪಿನ ಮೇಲೆ ಕೈ ಹಾಕಿದೆ. ಕಲ್ಲಿನ ಉಪ್ಪು ಹೀರಲು ಕಾಗದದ ತಿರುಳನ್ನು ಡಿಸ್ಟಿಲ್ಡ್ ನೀರಲ್ಲಿ ನೆನೆಸಿ ಮೆತ್ತುವುದು ನೀವೂ ಮಾಡುತ್ತೀರಿ. ನ್ಯೂಸ್‌ಪೇಪರ್ ಬೇಡ, ಶಾಯಿ ಕಲ್ಲಿಗೆ ಹತ್ತುತ್ತದೆ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕತ್ತರಿಸಿ ಬಿಸಾಕುವ ಬಿಳಿ ಅಂಚು ಚೀಲಗಟ್ಟಲೆ ಪುಕ್ಕಟೆ ಸಿಗುತ್ತದೆ. ಉಪ್ಪು ಬಂತೋ ಇಲ್ಲವೋ ನೋಡಲು ಲ್ಯಾಬಿಗೆ ಕಳಿಸುವ ಬದಲು, ಫಿಲ್ಟರ್ ರಿಪೇರಿಯವರು ಜೇಬಲ್ಲಿ ಇಟ್ಟುಕೊಳ್ಳುವ, ನೀರಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಪೆನ್ ತಂದೆ, ಐನೂರು ರೂಪಾಯಿ ಒಳಗೆ. ಒಣಗಿದ ತಿರುಳನ್ನು ಪ್ರತಿ ಸಲ ಅಷ್ಟೇ ತೂಕ, ಅಷ್ಟೇ ನೀರಿನಲ್ಲಿ ನೆನೆಸಿ ಪೆನ್ ಅದ್ದುವುದು. ಮೊದಲ ಸಲ ಎರಡು ಸಾವಿರದ ಮೇಲೆ ತೋರಿಸಿತು, ಆಮೇಲೆ ಎಂಟುನೂರರ ಹತ್ತಿರ, ಕೊನೆಗೆ ಮುನ್ನೂರಕ್ಕೆ ಇಳಿದು ನಿಂತಿತು. ಪದರ ಎದ್ದ ಜಾಗಕ್ಕೆ ಮೊದಲು ಜಪಾನಿ ಟಿಶ್ಯೂ (ತೆಳ್ಳನೆ ಗಟ್ಟಿ ಕಾಗದ) ಹಾಕದೆ ತಿರುಳು ಮೆತ್ತಬೇಡಿ. ಮೂತಿ ಹೋದ ಮಕರವನ್ನು ಹಾಗೇ ಬಿಟ್ಟಿದ್ದೇನೆ. ಹೊಸ ಮೂತಿ ಕೆತ್ತಿಸಿ ಅಂತ ಸಮಿತಿ ಕೇಳಿತು, ಒಪ್ಪಲಿಲ್ಲ.

ಇನ್ನೊಂದು ಪ್ರಯೋಗ ಅರಳಿ ಗಿಡದ್ದು. ಬುಡ ಕಡಿದು ತೂತಿಗೆ ಇಂಗು ತುಂಬಿದರೆ ಬೇರು ಸಾಯುತ್ತದೆ ಅಂತ ಹಿರಿಯರು ಹೇಳುತ್ತಾರಲ್ಲ. ಕೈಪಿಡಿ ಗೋಡೆಯಲ್ಲಿ ಎರಡು ಗಿಡ ಇದ್ದವು. ಒಂದಕ್ಕೆ ಒಳ್ಳೆ ಕಟ್ಟಿ ಇಂಗು, ಇನ್ನೊಂದಕ್ಕೆ ಕಡಿದ ಕೂಡಲೇ ಬ್ರಷ್‌ನಲ್ಲಿ ಕಳೆನಾಶಕ. ಜೂನ್ ಮಳೆಗೆ ಇಂಗಿನ ಗಿಡ ಎಲೆ ಬಿಟ್ಟಿತು. ಇಂಗಿನ ದುಡ್ಡಲ್ಲಿ ಒಂದು ತಿಂಗಳು ಸಾರಿಗೆ ಒಗ್ಗರಣೆ ಹಾಕಬಹುದಿತ್ತು.

ಸುತ್ತ ತುಂಬಿದ್ದ ಎರಡಡಿ ಮಣ್ಣು ತೆಗೆಸುವಾಗ, ಮೆಟ್ಟಿಲಾಗಿ ಹಾಕಿದ್ದ ಒಂದು ಚಪ್ಪಡಿ ಮಗುಚಿದರೆ ವೀರಗಲ್ಲು, ಮೇಲಿನ ಪಟ್ಟಿಯಲ್ಲಿ ಅಕ್ಷರ. ಕೆಲಸ ಅಲ್ಲೇ ನಿಲ್ಲಿಸಿ, ತಹಸೀಲ್ದಾರರಿಗೂ ಇಲಾಖೆಗೂ ತಿಳಿಸಿ, ಶಾಸನದ ಅಕ್ಷರವನ್ನು ಕಾಗದಕ್ಕೆ ಪಡಿಯಚ್ಚು ತೆಗೆಯುವವರು ಬರುವವರೆಗೆ ಮುಚ್ಚಿಟ್ಟೆವು. ಸಂಜೆಯೊಳಗೆ "ನಿಧಿ ಸಿಕ್ತಂತೆ" ಅಂತ ಪಕ್ಕದ ಮೂರು ಊರಿಗೆ ಸುದ್ದಿ. ರಾತ್ರಿ ಕಾವಲಿಗೆ ಇಬ್ಬರನ್ನು ಇಟ್ಟೆ. ಅದೊಂದು ಖರ್ಚು ಯಾವ ಎಸ್ಟಿಮೇಟಿನಲ್ಲೂ ಇರುವುದಿಲ್ಲ, ಹಾಕಿಕೊಳ್ಳಿ.

ಲೆಕ್ಕ ಕೇಳುತ್ತೀರಿ, ಹೇಳುತ್ತೇನೆ, ನೆನಪಿನಿಂದ. ಸಿಮೆಂಟ್ ಕಿತ್ತು ಸಾಗಿಸಿದ್ದು ಎರಡು ಲಕ್ಷದ ಮೇಲೆ. ಸುಟ್ಟ ಸುಣ್ಣ ಮೂರು ಟನ್ ಆಸುಪಾಸು, ಲಾರಿ ಬಾಡಿಗೆಯೇ ಸುಣ್ಣದಷ್ಟಾಯಿತು. ಬಡಿತದ ಕೂಲಿ ತೊಂಬತ್ತು ಸಾವಿರ. ಮೇಸ್ತ್ರಿ ಮತ್ತು ಅವರ ಜನ ಎರಡು ಲಕ್ಷ. ಬೆಲ್ಲ ಒಂದೂವರೆ ಕ್ವಿಂಟಾಲ್, ಅದು ಲೆಕ್ಕಕ್ಕೇ ಇಲ್ಲ. ಸರ್ವೆ, ಅಟ್ಟಣಿಗೆ, ಉಪ್ಪು ತೆಗೆದದ್ದು, ಕಾವಲು, ಮಣ್ಣು ಸಾಗಿಸಿದ್ದು ಎಲ್ಲ ಸೇರಿ ಒಂಬತ್ತೂವರೆ ಲಕ್ಷ ದಾಟಿತು. ಪಾಕಶಾಲೆಯ ಪ್ರಯೋಗ ಇದರಲ್ಲಿ ಸೇರಿಲ್ಲ, ಅದು ನನ್ನ ಹೆಂಡತಿಗೆ ಗೊತ್ತಿಲ್ಲದ ಲೆಕ್ಕ. ಊರವರ ವಂತಿಗೆ ಐದು ಲಕ್ಷ ಬಂತು, ಬೆಂಗಳೂರಲ್ಲಿರುವ ಊರಿನವರೊಬ್ಬರು ಮೂರು ಕೊಟ್ಟರು.

2025ರ ಅಕ್ಟೋಬರಿನಲ್ಲಿ ಒಂದು ರಾತ್ರಿ ಜೋರು ಮಳೆ. ಬೆಳಗ್ಗೆ ಎಂಜಿನಿಯರ್ ಸಾಹೇಬರು ಬ್ಯಾಟರಿ ಹಿಡಿದು ನವರಂಗದಲ್ಲಿ ಮೂಲೆ ಮೂಲೆ ನೋಡುತ್ತಿದ್ದರಂತೆ. ಅರ್ಚಕರು ಹೇಳಿದರು. ಆಮೇಲೆ ಅವರೇ ಫೋನ್ ಮಾಡಿ, ತಮ್ಮ ಹಳೇ ಮನೆ ತಾರಸಿಗೆ ಇದೇ ಗಾರೆ ಹಾಕಲು ಚದರಡಿಗೆ ಎಷ್ಟಾಗುತ್ತದೆ ಅಂತ ಕೇಳಿದರು. ಸಾವಿರದ ಹತ್ತಿರ ಅಂದೆ. ಯೋಚನೆ ಮಾಡಿ ಹೇಳುತ್ತೇನೆ ಅಂದರು. ಸಮಿತಿಯಿಂದ ನನಗೆ ಇನ್ನೂ ಒಂದೂಕಾಲು ಲಕ್ಷ ಬರಬೇಕು. ಶಿವರಾತ್ರಿ ಜಾತ್ರೆಯ ಹುಂಡಿ ಎಣಿಸಿದ ಮೇಲೆ ನೋಡೋಣ ಅನ್ನುತ್ತಾರೆ ಗೌಡರು.